ಓದುವ ಕೋಣೆಯ ತಾರಸಿ

ನಾನು ಡಿಗ್ರಿ ಮುಗಿಸುವುದು ಈ ಜನ್ಮದಲ್ಲಿ ಆಗುವ ಕೆಲಸವಲ್ಲ ಎಂದು ಮೊದಲು ಹೇಳಿದವರು ನಮ್ಮ ಸೋದರಮಾವ ಮುನಿರಾಜಪ್ಪ. ಬೆನ್ನ ಹಿಂದೆ ಹೇಳಿದ್ದಲ್ಲ. ಶ್ರೀರಾಂಪುರದ ನಮ್ಮ ಮನೆಯ ಹೊಸ್ತಿಲ ಮೇಲೆ ಕೂತು, ಅಮ್ಮ ಕೊಟ್ಟ ಕಾಫಿ ಕುಡಿಯುತ್ತ, ನನ್ನ ಮುಖ ನೋಡಿಕೊಂಡೇ ಹೇಳಿದ್ದು.

"ಪಿಯುಸಿ ಪಾಸಾಗಿದ್ದೇ ಹೆಚ್ಚು ಅಂದ್ಕೊ. ಬಿ.ಎ. ಅಂತೆ! ನಮ್ಮ ವಂಶ್ದಾಗೆ ಯಾರ್ ಮಾಡವ್ರೆ? ಆಗಾಕಿಲ್ಲ ಬುಡು ಸರೋಜ. ಕಡ್ಡಿ ಫ್ಯಾಕ್ಟ್ರೀಲಿ ಪ್ಯಾಕಿಂಗ್ ಜಾಗ ಖಾಲಿ ಐತೆ. ಮಾಲೀಕ್ರು ನನ್ ಮಾತು ತೆಗ್ದಾಕಲ್ಲ."

ಮಾವ ಕೆಟ್ಟವರೇನಲ್ಲ. ಆ ಜಾಗವನ್ನು ನನಗಾಗಿ ಮೂರು ವರ್ಷ ಅವರು ಹಿಡಿದಿಟ್ಟುಕೊಂಡೇ ಇದ್ದರು. ಪ್ರತಿ ಹಬ್ಬಕ್ಕೂ ಬಂದಾಗ, "ಜಾಗ ಐತೆ" ಎಂದು ನೆನಪಿಸಿ ಹೋಗುತ್ತಿದ್ದರು. ಊದುಬತ್ತಿ ಕಾರ್ಖಾನೆಯೊಂದರಲ್ಲಿ ಒಂದು ಹುಡುಗಿಗೆ ಅಷ್ಟು ದಿನ ಜಾಗ ಕಾಯುತ್ತದೆಯೇ ಎಂಬ ಅನುಮಾನ ಆಗ ನನಗೆ ಬಂದಿರಲಿಲ್ಲ, ಈಗ ಬರುತ್ತದೆ.

ಇದೆಲ್ಲ ನೆನಪಾಗಲು ಕಾರಣ ನನ್ನ ಮೇಜಿನ ಮೇಲಿರುವ ಒಂದು ಹೆಂಟೆ. ಈಗ ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತೇನೆ. ಸ್ಟಾಫ್ ರೂಮಿನ ಫ್ಯಾನು ಕಾಗದ ಹಾರಿಸದಂತೆ ಉತ್ತರ ಪತ್ರಿಕೆಗಳ ಮೇಲೆ ಅದನ್ನು ಇಟ್ಟಿರುತ್ತೇನೆ. ಬಟ್ಟೆ ಸೋಪಿನಷ್ಟು ದೊಡ್ಡದು. ಬಿಳಿಯೂ ಅಲ್ಲದ ಗುಲಾಬಿಯೂ ಅಲ್ಲದ ಬಣ್ಣ, ನಡುನಡುವೆ ಇಟ್ಟಿಗೆಯ ಚೂರು. ಹೊಸದಾಗಿ ಬಂದ ಡ್ರಾಯಿಂಗ್ ಮಾಸ್ತರರು ಮೊನ್ನೆ ಅದನ್ನು ಎತ್ತಿ ತಿರುಗಿಸಿ ನೋಡಿ, "ಏನ್ ಮೇಡಂ, ಹಂಪೀದಾ?" ಎಂದರು.

"ಇಲ್ಲ ಸಾರ್. ಮಲ್ಲೇಶ್ವರದ್ದು" ಎಂದೆ.

ಅವರು ಅದನ್ನು ತಕ್ಷಣ ಕೆಳಗಿಟ್ಟರು. ಮಲ್ಲೇಶ್ವರದ್ದಾದರೆ ಅಷ್ಟು ಗೌರವ ಬೇಕಿಲ್ಲ ಎನ್ನಿಸಿರಬೇಕು.

ಅದು ಒಂದು ಲೈಬ್ರರಿಯ ತಾರಸಿಯ ಚೂರು. ಆ ಲೈಬ್ರರಿ ಈಗಿಲ್ಲ. ಆ ಜಾಗದಲ್ಲಿ ಮೂರು ಅಂತಸ್ತಿನ ಹೊಸ ಕಟ್ಟಡ ಎದ್ದಿದೆ, ಒಳ್ಳೆಯ ಟ್ಯೂಬ್‌ಲೈಟುಗಳಿವೆ, ಜಾರುವಂಥ ಟೈಲ್ಸ್ ಇದೆ. ದೂರು ಹೇಳುವಂಥದ್ದೇನಿಲ್ಲ. ಹಳೆಯದನ್ನು ಕೆಡವುವಾಗ ನಾನು ಹೋಗಿ ರಸ್ತೆಯ ಈಚೆ ನಿಂತಿದ್ದೆ. ಮುಂದಿನ ಭಾಗ ಅರ್ಧ ದಿನದಲ್ಲಿ ಕೆಳಗೆ ಬಂತು. ಹಿಂದಿನ ತಾರಸಿ ಬರಲಿಲ್ಲ. ಸುತ್ತಿಗೆಯವನು ಬೆವರೊರೆಸಿಕೊಂಡು, "ಇದ್ಯಾವೋನ್ ಹಾಕ್ದ ಗುರು, ಕೈಯೆಲ್ಲ ಹೊಪ್ಪಳೆ ಬಂತು" ಎಂದು ಬೈಯುತ್ತಿದ್ದ. ನಾನು ಹತ್ತಿರ ಹೋಗಿ ಒಂದು ಚೂರು ಕೇಳಿದೆ. ಅವನು ನನ್ನನ್ನೂ ಚೂರನ್ನೂ ನೋಡಿ, "ತಗೊಳಿ, ಬೇಕಾದ್ರೆ ಲಾರಿ ಲೋಡೇ ತಗೊಳಿ" ಎಂದ.

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಆ ತಾರಸಿಯ ಕೆಳಗೆ ನಾನು ಮೂರು ವರ್ಷ ಕೂತಿದ್ದೇನೆ. ರೈಲು ಹಳಿಯ ಆಚೆ ಶ್ರೀರಾಂಪುರ, ಈಚೆ ಮಲ್ಲೇಶ್ವರ. ಹಳಿ ದಾಟಿ ಹತ್ತು ನಿಮಿಷ ನಡೆದರೆ ಬೇರೆ ಊರಿಗೆ ಬಂದಂತಿರುತ್ತಿತ್ತು. ರಂಗೋಲಿ ದೊಡ್ಡದಾಗುತ್ತಿತ್ತು, ನಾಯಿಗಳಿಗೆ ಕೊರಳಪಟ್ಟಿ ಬರುತ್ತಿತ್ತು.

ಮನೆಯಲ್ಲಿ ಓದಲು ಜಾಗವಿರಲಿಲ್ಲ ಎಂದರೆ ನೀವು ಬಡತನದ ಕಥೆ ಎಂದುಕೊಳ್ಳಬಹುದು. ನಿಜಕ್ಕೂ ಜಾಗವೇ ಇರಲಿಲ್ಲ. ಅಮ್ಮ ಮನೆಯಲ್ಲೇ ಊದುಬತ್ತಿ ಹೊಸೆಯುತ್ತಿದ್ದರು. ಇರುವುದೊಂದು ಕೋಣೆ, ಅದರ ನೆಲದ ತುಂಬ ಒಣಗಲು ಹರಡಿದ ಕಡ್ಡಿಗಳು. ಬಾಗಿಲಿನಿಂದ ಒಲೆಯವರೆಗೆ ಒಂದು ಪಾದ ಅಗಲದ ದಾರಿ. ಸುಣ್ಣ ಬಳಿಯುವ ಕೆಲಸ ಮುಗಿಸಿ ಬಂದ ಅಪ್ಪ ಆ ದಾರಿಯಲ್ಲೇ ನಿಂತು ಊಟ ಮಾಡಿದ್ದನ್ನು ನೋಡಿದ್ದೇನೆ. ಅಜ್ಜಿ, ಅಂದರೆ ಅಪ್ಪನ ತಾಯಿ ಪುಟ್ಟಮ್ಮ, ಹೊರಗೆ ಜಗುಲಿಯ ಮೇಲೆ. ನಾನು ಎಲ್ಲಿಗೆ ಹೋದರೂ ನನ್ನ ಬಟ್ಟೆ, ಪುಸ್ತಕ, ಜಡೆ ಎಲ್ಲ ಊದುಬತ್ತಿಯ ವಾಸನೆ. ಲೈಬ್ರರಿಗೆ ಬರುತ್ತಿದ್ದ ಪೆನ್ಷನ್ ಮೇಷ್ಟ್ರೊಬ್ಬರು ಬಹಳ ದಿನ ನನ್ನನ್ನು ದೈವಭಕ್ತೆ ಎಂದೇ ತಿಳಿದಿದ್ದರು. "ಬೆಳಗ್ಗೆ ಪೂಜೆ ಮುಗಿಸ್ಕೊಂಡೇ ಬರ್ತೀಯಲ್ಲಮ್ಮ, ಸಂತೋಷ" ಎನ್ನುತ್ತಿದ್ದರು. ನಾನು ತಿದ್ದಲಿಲ್ಲ. ಭಕ್ತೆ ಎಂದರೆ ಫ್ಯಾನಿನ ಹತ್ತಿರದ ಕುರ್ಚಿ ಬಿಟ್ಟುಕೊಡುತ್ತಿದ್ದರು.

ಲೈಬ್ರರಿಯ ಮುಂಭಾಗ ಹಳೆಯ ಮಲ್ಲೇಶ್ವರದ ಮನೆಗಳ ಹಾಗೆಯೇ ಇತ್ತು. ಕಲ್ಲಿನ ಮೆಟ್ಟಿಲು, ಮರದ ಜಾಲರಿಯ ವರಾಂಡ, ಕಿಟಕಿಗಳ ಮೇಲೆ ಮೂತಿ ಚಾಚಿದ, ಮಂಕಿಟಾಪು ಎಂದು ಕರೆಯುವ ಚೂಪು ಮಾಡು. ಅದನ್ನು ದಾಟಿದರೆ ಹಿಂದೆ ಒಂದು ದೊಡ್ಡ ಹಜಾರ. ಅದೇ ಓದುವ ಕೋಣೆ. ಮೊಳಕ್ಕಿಂತ ದಪ್ಪದ ಗೋಡೆ, ಕುರ್ಚಿಗಳ ಕಾಲು ಸವೆಸಿದ ಕೆಂಪು ಗಾರೆ ನೆಲ, ಕತ್ತೆತ್ತಿ ನೋಡುವಷ್ಟು ಎತ್ತರದಲ್ಲಿ ಪೂರ್ವಕ್ಕೊಂದು ಪಶ್ಚಿಮಕ್ಕೊಂದು ಗಾಜಿನ ಗವಾಕ್ಷಿ. ಆಗೆಲ್ಲ ಕರೆಂಟು ಹೇಳದೆ ಕೇಳದೆ ಹೋಗುತ್ತಿತ್ತು. ಹೋದಾಗ ಆ ಗವಾಕ್ಷಿಗಳ ಬೆಳಕೇ ಗತಿ. ಬೆಳಿಗ್ಗೆ ಬೆಳಕು ಪಶ್ಚಿಮದ ಮೇಜಿನ ಮೇಲೆ ಬಿದ್ದು, ನಿಧಾನವಾಗಿ ತೆವಳಿ, ಸಂಜೆಗೆ ಪೂರ್ವದ ಮೇಜಿಗೆ ಬರುತ್ತಿತ್ತು. ಅದರ ಜೊತೆಗೆ ಓದುಗರೂ ಕುರ್ಚಿ ಎಳೆದುಕೊಂಡು ಸರಿಯುತ್ತಿದ್ದರು. ಯಾರೂ ಹೇಳುತ್ತಿರಲಿಲ್ಲ, ಯಾರೂ ನುಗ್ಗುತ್ತಿರಲಿಲ್ಲ. ಇಪ್ಪತ್ತು ಜನ ಒಟ್ಟಿಗೆ ಎದ್ದು ಒಂದು ಮೊಳ ಪಕ್ಕಕ್ಕೆ ಹೋಗಿ ಕೂರುವುದು. ಮೊದಲ ವಾರ ನನಗೆ ಇದು ತಿಳಿಯದೆ, ಕೂತಲ್ಲೇ ಕೂತು, ಕತ್ತಲಲ್ಲಿ ಮೂಗು ಪುಸ್ತಕಕ್ಕೆ ತಾಗಿಸಿ ಓದುತ್ತಿದ್ದೆ. ಆ ಮೇಷ್ಟ್ರೇ ಮೆಲ್ಲಗೆ ಮೇಜು ತಟ್ಟಿ, "ಮಗೂ, ಈಚೆ ಬಾ. ಅಲ್ಲಿ ಹನ್ನೊಂದಕ್ಕೇ ಬೆಳಕು ಮುಗಿಯುತ್ತೆ" ಎಂದರು. ಆವತ್ತು ನಾನು ಆ ಲೈಬ್ರರಿಯವಳಾದೆ ಎನ್ನಬೇಕು. ಕಾರ್ಡಂತೂ ಕೊನೆಗೂ ಆಗಲಿಲ್ಲ.

ಕಾರ್ಡಿಗೆ ಅರ್ಜಿಯಲ್ಲಿ ಗೆಜೆಟೆಡ್ ಅಧಿಕಾರಿಯೊಬ್ಬರ ಜಾಮೀನು ಸಹಿ ಬೇಕಿತ್ತು. ನಮ್ಮ ಬಳಗದಲ್ಲಿ ಗೆಜೆಟೆಡ್ ಅಧಿಕಾರಿಗಳ ಕಾರು ತೊಳೆಯುವವರಿದ್ದರು, ಅವರ ಮನೆಗೆ ಸುಣ್ಣ ಹೊಡೆಯುವವರಿದ್ದರು. ಅಪ್ಪ ಒಬ್ಬರ ಮನೆಗೆ ಬಣ್ಣ ಮುಗಿಸಿ ಅರ್ಜಿ ಚಾಚಿದಾಗ ಅವರು, "ನಿಮ್ಮ ಹುಡುಗಿ ಪುಸ್ತಕ ಕಳೆದ್ರೆ ನಾನ್ ಕಟ್ಬೇಕಾಗುತ್ತಲ್ಲಪ್ಪ" ಎಂದರಂತೆ. ಅಪ್ಪ ಇನ್ನೊಬ್ಬರನ್ನು ಕೇಳಲಿಲ್ಲ.

ಗ್ರಂಥಪಾಲಕರಾದ ನರಹರಿರಾಯರು ನಿಯಮ ಬಿಟ್ಟು ಒಂದು ಅಂಗುಲ ಸರಿಯುವವರಲ್ಲ. "ರೂಲ್ಸು ನಾನ್ ಮಾಡಿದ್ದಲ್ಲಮ್ಮ. ಮನೆಗೆ ಕೊಡಕ್ಕಾಗಲ್ಲ. ಇಲ್ಲೇ ಕೂತು ಓದು, ಬೇಡ ಅನ್ನೋರ್ಯಾರು?" ಎಂದರು. ಆದರೆ ಸಂಜೆ ಬಾಗಿಲು ಹಾಕುವಾಗ ನಾನು ಓದುತ್ತಿದ್ದ ಎರಡು ದಪ್ಪ ಪುಸ್ತಕಗಳನ್ನು ಕಪಾಟಿಗೆ ಸೇರಿಸದೆ, ಬೇರೆ ಯಾರೂ ಎತ್ತದಂತೆ ತಮ್ಮ ಮೇಜಿನ ಕೆಳಗಿಟ್ಟು, ಬೆಳಿಗ್ಗೆ ನಾನು ಬರುವಷ್ಟರಲ್ಲಿ ಮೇಲಿಟ್ಟಿರುತ್ತಿದ್ದರು. ಇದು ಯಾವ ನಿಯಮದಲ್ಲಿತ್ತೋ ನಾನು ಕೇಳಲಿಲ್ಲ.

ಆ ಕಟ್ಟಡದ ಚರಿತ್ರೆಯನ್ನು ಹೇಳುವವರು ಮೂವರಿದ್ದರು, ಚರಿತ್ರೆಯೂ ಮೂರಿತ್ತು. ಪ್ಲೇಗಿನ ನಂತರ ಬಡಾವಣೆ ಕಟ್ಟಿದಾಗ ಅದು ಆರೋಗ್ಯ ಇಲಾಖೆಯ ಕಚೇರಿಯಾಗಿತ್ತು ಎಂದು ಮೇಷ್ಟ್ರು. ಜವಳಿ ವ್ಯಾಪಾರಿಯ ಛತ್ರ ಎಂದು ನಿವೃತ್ತ ಅಂಚೆಯವರು. ಕುದುರೆ ಲಾಯ ಎಂದು ಜವಾನ. ಅವನ ಹತ್ತಿರ ಸಾಕ್ಷಿಯೂ ಇತ್ತು, ವರಾಂಡದ ಕಂಬಗಳಲ್ಲಿ ಕಬ್ಬಿಣದ ಬಳೆಗಳು. "ಕುದುರೆ ಕಟ್ಟೋಕಲ್ದೆ ಇನ್ಯಾವುದಕ್ಕೆ ಸಾರ್?" "ಮದುವೆ ಚಪ್ಪರಕ್ಕಯ್ಯ, ಛತ್ರ ಅಂದ್ಮೇಲೆ ಚಪ್ಪರ ಬೇಡ್ವಾ?" ಮಾತಾಡಬಾರದೆಂಬ ಬೋರ್ಡು ಇದ್ದುದರಿಂದ ಈ ಜಗಳವೆಲ್ಲ ಪಿಸುಮಾತಿನಲ್ಲೇ ನಡೆಯುತ್ತಿತ್ತು. ಚರಿತ್ರೆಯ ವಿದ್ಯಾರ್ಥಿನಿ ಎಂಬ ಹಮ್ಮಿನಲ್ಲಿ ನಾನು ಮೂರನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ನಾಲ್ಕನೆಯದು ನಮ್ಮ ಮನೆಯ ಜಗುಲಿಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂತಿರುವುದು ನನಗೆ ಗೊತ್ತಿರಲಿಲ್ಲ.

ಎರಡನೆಯ ವರ್ಷ ಅರ್ಥಶಾಸ್ತ್ರದ ಪತ್ರಿಕೆಯಲ್ಲಿ ನಾನು ಫೇಲಾದೆ. ಕಾಲೇಜಿನ ಬೋರ್ಡಿನ ಮುಂದೆ ಮೂರು ಸಲ ನೋಡಿ, ನನ್ನ ನಂಬರು ಬೇರೆ ಕಾಲಂನಲ್ಲಿ ಇರಬಹುದೆಂದು ಹುಡುಕಿ, ಮನೆಗೆ ಬಂದೆ. ಅಪ್ಪ ಬೈಯಲಿಲ್ಲ. "ಇನ್ನೊಂದ್ ವರ್ಷ ನೋಡು. ಫೇಲಾಗಿದ್ದೂ ಕೊನೇ ವರ್ಷದ್ದೂ ಒಟ್ಟಿಗೆ ಆದ್ರೆ ಸರಿ. ಆಗ್ಲಿಲ್ಲ ಅಂದ್ರೆ ಬುಟ್ಬುಡು ಮಗಾ, ನನ್ ಕೈಲೂ ಆಗಲ್ಲ" ಎಂದರು. ಅಪ್ಪನ ಬಲಭುಜ ಆಗಲೇ ಮೇಲೆ ಏಳುತ್ತಿರಲಿಲ್ಲ, ಮೇಲ್ಗೋಡೆಗೆ ಬ್ರಷ್ ಹಿಡಿಯಲು ಎಡಗೈಯನ್ನು ಪಳಗಿಸುತ್ತಿದ್ದರು. ನಾನು ಲೈಬ್ರರಿಗೆ ದಿನವೂ ಹೋದೆ, ಭಾನುವಾರವೂ.

ಕೊನೆಯ ಪರೀಕ್ಷೆಗೆ ಏಳು ವಾರ ಇದ್ದಾಗ, ಮಾರ್ಚಿನಲ್ಲಿ, ಒಂದು ಅಕಾಲದ ಮಳೆ ಬಂತು. ಮರುದಿನ ಬೆಳಿಗ್ಗೆ ದಿನಪತ್ರಿಕೆಗಳ ಮೇಜಿನ ಮೇಲೆ ತಟ್ಟೆಯಷ್ಟು ಗಾರೆ ಕಳಚಿ ಬಿದ್ದಿತ್ತು. ಯಾರ ತಲೆಯ ಮೇಲೂ ಬೀಳಲಿಲ್ಲ. ಆದರೆ ಮಧ್ಯಾಹ್ನದ ಹೊತ್ತಿಗೆ ಬಾಗಿಲಿಗೆ ಕಾಗದ ಅಂಟಿತು. ತಾರಸಿ ಅಪಾಯದಲ್ಲಿದೆ, ಎಂಜಿನಿಯರು ನೋಡಿದ ನಂತರ ಸೋಮವಾರದಿಂದ ಓದುವ ಕೋಣೆ ಮುಚ್ಚುತ್ತದೆ, ಮತ್ತೆ ತೆರೆಯುವ ದಿನ ಆಮೇಲೆ ತಿಳಿಸಲಾಗುವುದು.

"ಎಷ್ಟು ದಿನ ಸಾರ್?" ಎಂದೆ.

ನರಹರಿರಾಯರು ಕನ್ನಡಕ ತೆಗೆದು ಒರೆಸಿದರು. "ತಾರಸಿ ಪೂರ್ತಿ ತೆಗೆದು ಕಾಂಕ್ರೀಟ್ ಹಾಕ್ತಾರಂತೆ. ವರ್ಷ ಅಂದ್ಕೊಳಮ್ಮ. ನಿನ್ನ ಪುಸ್ತಕ ಎರಡೂ ರೆಫರೆನ್ಸು, ಕಾರ್ಡಿದ್ರೂ ಕೊಡೋ ಹಾಗಿಲ್ಲ."

ಹಳಿ ದಾಟಿ ಮನೆಗೆ ಬಂದವಳು ಚಪ್ಪಲಿ ಬಿಡದೆ ಜಗುಲಿಯ ಮೇಲೆ ಅಜ್ಜಿಯ ಪಕ್ಕ ಕೂತೆ. ಮಾವನ ಪ್ಯಾಕಿಂಗ್ ಜಾಗ ಕಣ್ಣ ಮುಂದೆ ಬಂತು. ಒಂದು ಡಜನ್, ಎರಡು ಡಜನ್ ಎಂದು ಎಣಿಸುತ್ತ ನಾನು ಕೂತಿರುವಂತೆ.

"ಯಾಕೇ, ಮುಖ ಹಿಂಗ್ ಮಾಡ್ಕೊಂಡಿದೀಯ?" ಎಂದಳು ಅಜ್ಜಿ.

ಹೇಳಿದೆ. ಅಜ್ಜಿ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿದಳು.

"ಯಾವ ಬಿಲ್ಡಿಂಗು? ಕಲ್ ಮೆಟ್ಲು, ಮುಂದ್ಗಡೆ ಮರದ ಜಾಲ್ರಿ ಐತಲ್ಲ, ಅದಾ?"

"ಹೂಂ. ನಿಂಗೆಂಗ್ ಗೊತ್ತು?"

"ಅದರ ಹಿಂದಿನ ಹಾಲಿನ ತಾರ್ಸಿ ನಾವ್ ಬಡ್ದಿದ್ದು ಕಣೇ. ನಾನು ಮದ್ವೆಯಾಗಿ ಬಂದ ವರ್ಸ."

ನಾನು ಮೂರು ವರ್ಷದಿಂದ ದಿನಾ ಹೋಗುತ್ತಿದ್ದ ಜಾಗದ ವಿಷಯ ಅಜ್ಜಿ ಒಂದು ಮಾತೂ ಆಡಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ರೇಗಿದೆ. "ನೀನ್ ಕೇಳಿದ್ಯಾ? ಲೈಬ್ರಿಗೋಗ್ತೀನಿ ಅಂತಿದ್ದೆ. ಯಾವ್ ಲೈಬ್ರಿ ಅಂತ ನನಗೇನ್ ಗೊತ್ತು?" ಎಂದಳು.

ಆ ಸಂಜೆ ಅವಳು ಹೇಳಿದ್ದನ್ನು ನನ್ನ ಯಾವ ಪಠ್ಯಪುಸ್ತಕವೂ ಹೇಳಿರಲಿಲ್ಲ. ಮೊದಲು ತೇಗದ ತೊಲೆಗಳನ್ನು ಸಾಲಾಗಿ ಕೂರಿಸುವುದು. ಅದರ ಮೇಲೆ ಸಣ್ಣ ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ, ಸುಣ್ಣದ ಗಾರೆಯಲ್ಲಿ ಹೊಂದಿಸುವುದು. ಅದರ ಮೇಲೆ ಇಟ್ಟಿಗೆ ಜಲ್ಲಿ ಸುಣ್ಣ ಬೆರೆಸಿ ಗೇಣು ದಪ್ಪ ಹರಡುವುದು. ಆಮೇಲೆ ಹೆಂಗಸರ ಕೆಲಸ. ಎರಡು ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಮರದ ಕೊಡತಿಯಿಂದ ಬಡಿಯುತ್ತ ಈ ಗೋಡೆಯಿಂದ ಆ ಗೋಡೆಗೆ ಹೋಗುವುದು, ತಿರುಗಿ ಬರುವುದು. ನಡುನಡುವೆ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುವುದು.

"ಎಷ್ಟ್ ದಿನ ಬಡಿತಿದ್ರಿ?"

"ದಿನದ ಲೆಕ್ಕ ಅಲ್ಲ. ಕೊಡ್ತಿ ಕೈಯಿಂದ ವಾಪಸ್ ಪುಟಿಬೇಕು. ಪುಟಿಯೋಗಂಟ ಬಡಿಬೇಕು. ಮೇಸ್ತ್ರಿ ಬಂದು ಕಿವಿಗೊಟ್ಟು ಕೇಳೋನು. ಸದ್ದು ಮೆತ್ಗಿದ್ರೆ ಇನ್ನೂ ಬಡೀರಿ ಅನ್ನೋನು. ಬೆಲ್ಲದ್ ನೀರು ಕದ್ದು ಕುಡುದ್ರೆ ಬೈಯೋನು." ಅಜ್ಜಿ ನಕ್ಕಳು. "ನಾವು ಕುಡಿತಿದ್ವಿ."

"ಒಳಗೆ ಹೆಂಗಿತ್ತು ಆಗ?"

"ಒಳಗ್ಯಾರ್ ಬುಟ್ರು ನಮ್ಮನ್ನ? ಏಣಿ ಹೊರ್ಗಡೆ ಹಾಕಿದ್ರು. ಮೇಲ್ ಹತ್ತಿದೀನಿ. ಒಳಗೋಗಿಲ್ಲ."

ಎಂಜಿನಿಯರು ಬರುವುದು ಶನಿವಾರ. ಬೆಳಿಗ್ಗೆ ನಾನು ಹೊರಡುವಾಗ ಅಜ್ಜಿ ಒಗೆದ ಸೀರೆಯುಟ್ಟು ಜಗುಲಿಯ ಮೇಲೆ ನಿಂತಿದ್ದಳು. "ನಡಿ" ಎಂದಳು. ನಿಜ ಹೇಳುತ್ತೇನೆ, ನನಗೆ ನಾಚಿಕೆಯಾಯಿತು. ಎಲೆಯಡಿಕೆಯ ಬಾಯಿ, ಬರಿಗಾಲು, ದೊಡ್ಡ ದನಿ. ಅಲ್ಲಿ ಎಲ್ಲರೂ ಪಿಸುಗುಡುತ್ತಾರೆ. ದಾರಿಯುದ್ದಕ್ಕೂ, "ಅಜ್ಜಿ, ಅಲ್ಲಿ ಜೋರಾಗಿ ಮಾತಾಡ್ಬೇಡ" ಎಂದು ಹೇಳಿಕೊಟ್ಟೆ. ಈಗ ನೆನೆದರೆ ಆ ದಾರಿಯಲ್ಲಿ ನಡೆದ ನನ್ನನ್ನು ನಿಲ್ಲಿಸಿ ಎರಡು ಮಾತು ಕೇಳಬೇಕೆನಿಸುತ್ತದೆ.

ಮೆಟ್ಟಿಲ ಹತ್ತಿರ ಅಜ್ಜಿ ನಿಂತುಬಿಟ್ಟಳು. ನಾನು ವರಾಂಡದಲ್ಲಿದ್ದೆ, ಅವಳು ಕೆಳಗೆ.

"ಬಾ ಅಜ್ಜಿ."

"ಕೇಳು ಮೊದ್ಲು. ಬುಡ್ತಾರಾ?"

ನರಹರಿರಾಯರು ಆ ಮಾತು ಕೇಳಿಸಿಕೊಂಡು ಎದ್ದು ಬಂದರು. ಯಾರು ಏನು ಎಂದು ನಾನು ತೊದಲುತ್ತ ಹೇಳಿದೆ, ಈ ತಾರಸಿ ಬಡಿದವರಲ್ಲಿ ಇವಳೂ ಒಬ್ಬಳೆಂದೆ. ಅವರು ಬಾಗಿಲ ಬದಿಗೆ ಸರಿದು, "ಇದು ಸಾರ್ವಜನಿಕ ಗ್ರಂಥಾಲಯ ತಾಯಿ. ಬನ್ನಿ, ಒಳಗೆ ಬನ್ನಿ" ಎಂದರು.

ಅಜ್ಜಿ ಹಜಾರಕ್ಕೆ ಬಂದು ಮೇಲೆ ನೋಡಿದಳು. ಅಂಚಿನ ಮೇಲೆ ನಿಂತ ಇಟ್ಟಿಗೆಗಳ ಓರೆ ಸಾಲು, ಕಪ್ಪಾದ ತೊಲೆಗಳು, ಗವಾಕ್ಷಿಯ ಬೆಳಕು. ಐವತ್ತು ವರ್ಷದ ಹಿಂದೆ ತಾನು ಮೇಲಿನಿಂದ ಬಡಿದದ್ದನ್ನು ಮೊದಲ ಸಲ ಕೆಳಗಿನಿಂದ ನೋಡುತ್ತಿದ್ದಳು. ಓದುತ್ತಿದ್ದವರೆಲ್ಲ ಪತ್ರಿಕೆ ಕೆಳಗಿಳಿಸಿ ಅವಳು ನೋಡುವ ಕಡೆಯೇ ನೋಡಿದರು.

"ಕೆಳಗಿಂದ ಹಿಂಗ್ ಕಾಣುತ್ತಾ?" ಎಂದಳು ಅಜ್ಜಿ. ನಾನು ಹೇಳಿಕೊಟ್ಟದ್ದಕ್ಕಿಂತ ಮೆಲ್ಲಗೆ.

ಎಂಜಿನಿಯರು ಬರುವಷ್ಟರಲ್ಲಿ ಅವಳು ಹಿಂದಿನ ಕಬ್ಬಿಣದ ಮೆಟ್ಟಿಲು ಹತ್ತಿಯಾಗಿತ್ತು. ಇಪ್ಪತ್ತೆಂಟು ಮೂವತ್ತರ ವಯಸ್ಸಿನ ಅವರು ಕೈಯಲ್ಲಿ ಫೈಲು ಹಿಡಿದು ಮೇಲೆ ಬಂದರೆ, ತಾರಸಿಯ ಮೇಲೊಬ್ಬ ಮುದುಕಿ ಕುಕ್ಕರುಗಾಲಲ್ಲಿ ಕೂತು, ಹಿಡಿಗಲ್ಲಿನಿಂದ ಅಲ್ಲಲ್ಲಿ ಕುಟ್ಟುತ್ತ ಕಿವಿ ವಾಲಿಸುತ್ತಿದ್ದಾಳೆ.

"ಏನಜ್ಜಿ, ಏನ್ ಮಾಡ್ತಿದೀರ? ಬೀಳುತ್ತೆ, ಇಳೀರಿ!"

"ಇದು ಬೀಳಾಕಿಲ್ಲ ಸ್ವಾಮಿ. ಸದ್ದು ಕೇಳ್ತಿದೀನಿ. ಇದ್ರ ಮೇಲೆ ಸಿಮೆಂಟ್ ಬಳಿದೋರು ಯಾರು?"

ಯಾರೋ ಗುತ್ತಿಗೆದಾರ ಕೆಲವು ವರ್ಷದ ಹಿಂದೆ ಸೋರುತ್ತದೆಂದು ಹಳೆಯ ಗಾರೆಯ ಮೇಲೆ ಸಿಮೆಂಟು ಬಳಿದು ಹೋಗಿದ್ದ. ಅದು ಬಿಸಿಲಿಗೆ ಬಿರಿದಿತ್ತು. ಬಿರುಕಿನಲ್ಲಿ ಇಳಿದ ನೀರು ಸಿಮೆಂಟಿನಡಿಯಲ್ಲೇ ನಿಂತು, ಹೊರಗೆ ಹೋಗಲು ದಾರಿಯಿಲ್ಲದೆ ಗಾರೆಯನ್ನು ನೆನೆಸುತ್ತಿತ್ತು. ದಾರಿ ಏಕಿಲ್ಲವೆಂದರೆ, ಮಳೆನೀರು ಬೀಳುವ ಮೂಲೆಯ ಕಲ್ಲಿನ ದೋಣಿಯ ಬಾಯಿಗೂ ಅವನು ಸಿಮೆಂಟು ಮೆತ್ತಿದ್ದ. ಅಲ್ಲೊಂದು ಅರಳಿ ಸಸಿ ಬೇರೆ.

"ನಾವ್ ಹಾಕಿದ್ದು ಗಟ್ಟಿಗೈತೆ. ಮೇಲಿಂದು ಕಿತ್ತಾಕಿ, ದೋಣಿ ಬಾಯ್ ಬುಡ್ಸಿ, ನೀರುಯ್ದು ನೋಡಿ" ಎಂದಳು ಅಜ್ಜಿ.

ಎಂಜಿನಿಯರು ಒಳ್ಳೆಯ ಮನುಷ್ಯ, ಆದರೆ ಎಂಜಿನಿಯರು. "ಅಜ್ಜಿ ಹೇಳಿದ್ರು ಅಂತ ರಿಪೋರ್ಟ್ ಬರಿಯಕ್ಕಾಗುತ್ತಾ?" ಎಂದು ನರಹರಿರಾಯರ ಕಡೆ ನೋಡಿದರು. ನರಹರಿರಾಯರು, ಜೀವಮಾನದಲ್ಲಿ ಒಂದು ನಿಯಮ ಮುರಿಯದವರು, "ನೀರು ಹುಯ್ದು ನೋಡಬಾರ್ದು ಅಂತೇನೂ ರೂಲ್ ಇಲ್ಲವಲ್ಲ ಸಾರ್" ಎಂದರು.

ಜವಾನ ಹಾರೆಯಿಂದ ಮೂಲೆಯ ಸಿಮೆಂಟು ಕಿತ್ತ. ದೋಣಿಯ ಬಾಯಿ ತೆರೆಯಿತು. ಕೆಳಗಿನಿಂದ ಬಕೆಟ್ಟುಗಳಲ್ಲಿ ನೀರು ಬಂತು. ನಾನೂ ಹೊತ್ತೆ, ಅಂಚೆಯವರೂ ಹೊತ್ತರು. ಕೆಳಗೆ ಹಜಾರದಲ್ಲಿ ಮೇಷ್ಟ್ರು ಕತ್ತೆತ್ತಿ ನಿಂತಿದ್ದರು, ಹನಿ ಬಿದ್ದರೆ ಕೂಗುವುದು ಅವರ ಕೆಲಸ. ಇಪ್ಪತ್ತು ಬಕೆಟ್ಟು ಹುಯ್ದ ಮೇಲೆ ಎಲ್ಲರೂ ಕಿವಿಗೊಟ್ಟು ನಿಂತೆವು. ಮೊದಲು ಕೇಳಿದ್ದು ಹೊರಗಿನ ಸದ್ದು. ವರ್ಷಗಳಿಂದ ಕಟ್ಟಿದ್ದ ದೋಣಿಯಿಂದ ಕೆಂಪು ನೀರು ಸುರಿದು ನೇರವಾಗಿ ನರಹರಿರಾಯರ ಸ್ಕೂಟರಿನ ಸೀಟಿನ ಮೇಲೆ ಬಿತ್ತು. ಅವರು ಬಗ್ಗಿ ನೋಡಿ, "ಹೋಗ್ಲಿ ಬಿಡಿ, ಹೋಗ್ಲಿ ಬಿಡಿ" ಎಂದರು.

ಆಮೇಲೆ ಕೆಳಗಿನಿಂದ ಮೇಷ್ಟ್ರ ದನಿ. "ಇಲ್ಲಿ! ಈ ಮೂಲೆ! ಮೂರು ಹನಿ... ನಾಲ್ಕು!"

ನಾನು ಕೈಯಲ್ಲಿದ್ದ ಬಕೆಟ್ಟನ್ನು ಕೆಳಗಿಟ್ಟೆ. ಎಂಜಿನಿಯರು ಓಡಿ ಇಳಿದು, ಏಣಿ ಹಾಕಿಸಿ, ಆ ಮೂಲೆಯ ತೊಲೆಯ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿದರು. ಅದು ಬೆಣ್ಣೆಗೆ ಇಳಿದಂತೆ ಇಳಿಯಿತು. ಅಜ್ಜಿ ಕೆಳಗೆ ಬಂದು ನೋಡಿ, "ಇದು ನಂಗೊತ್ತಾಗ್ಲಿಲ್ಲ. ಮರ ನಮ್ ಕೆಲ್ಸ ಅಲ್ಲ" ಎಂದಳು. ಎಂಜಿನಿಯರು ಒಂದೊಂದೇ ತೊಲೆಗೆ ಚುಚ್ಚುತ್ತ ಹಜಾರದ ಉದ್ದಕ್ಕೂ ಹೋದರು. ಹನ್ನೆರಡು ತೊಲೆ. ಪ್ರತಿ ಸಲ ಏಣಿ ಸರಿಸುವುದು, ಹತ್ತುವುದು, ಚುಚ್ಚುವುದು. ನಾನು ಏಣಿಯನ್ನು ಹಿಡಿದುಕೊಂಡಿದ್ದೆ. ಉಳಿದ ಹನ್ನೊಂದರಲ್ಲಿ ಎಲ್ಲಿಯೂ ಸ್ಕ್ರೂಡ್ರೈವರ್ ಇಳಿಯಲಿಲ್ಲ.

ಅವರು ಮೇಜಿನ ಮೇಲೆ ಫೈಲು ಬಿಚ್ಚಿ ಬಹಳ ಹೊತ್ತು ಬರೆದರು. ಆಮೇಲೆ ಓದಿ ಹೇಳಿದರು. ಕೆಟ್ಟ ತೊಲೆಗೆ ಕಂಬದ ಆಸರೆ ಕೊಡುವುದು, ಪತ್ರಿಕೆಗಳ ಮೇಜಿದ್ದ ಆ ಭಾಗವನ್ನು ಹಗ್ಗ ಕಟ್ಟಿ ಮುಚ್ಚುವುದು, ಮೇಲಿನ ಸಿಮೆಂಟು ತೆಗೆಸುವುದು. ಉಳಿದ ಹಜಾರ ಜೂನಿನವರೆಗೆ ತೆರೆದಿರಬಹುದು, ಆಮೇಲೆ ನೋಡೋಣ.

"ಜೂನು ಸಾಕಾ?" ಎಂದು ಅಜ್ಜಿ ನನ್ನನ್ನು ಕೇಳಿದಳು.

"ಸಾಕು" ಎಂದೆ.

ಆ ಏಳು ವಾರ ನಾವೆಲ್ಲ ಎರಡೇ ಮೇಜಿಗೆ ಒತ್ತಿಕೊಂಡು ಕೂತೆವು. ನೆತ್ತಿಯ ಮೇಲೆ ಕೂಲಿಯವರು ಸಿಮೆಂಟು ಕೆತ್ತುವ ಸದ್ದು. ಸಂದಿಯಿಂದ ಬಿಳಿ ಪುಡಿ ಉದುರಿ ಬೆಲೆ, ಬೇಡಿಕೆ, ಪೂರೈಕೆಗಳ ಮೇಲೆಲ್ಲ ಕೂರುತ್ತಿತ್ತು. ಊದಿ ಓದಬೇಕಿತ್ತು. ಬೆಳಕು ಸರಿದಾಗ ಸರಿಯಲು ಜಾಗ ಕಡಿಮೆಯಾದ್ದರಿಂದ ಮೇಷ್ಟ್ರು ತಾವು ಕತ್ತಲಿಗೆ ಹೋಗಿ, "ಪೇಪರ್ ಓದೋಕೆ ನನಗೇನು ಪರೀಕ್ಷೆಯೇ?" ಎಂದು ಬೆಳಕಿನ ಕುರ್ಚಿಯನ್ನು ನನಗೆ ಬಿಟ್ಟರು. ಅರ್ಥಶಾಸ್ತ್ರ ನನಗೆ ಆಗಲೂ ಪೂರ್ತಿ ಅರ್ಥವಾಗಲಿಲ್ಲ. ಬಾಯಿಪಾಠ ಮಾಡಿದೆ. ಮತ್ತೆ ಮತ್ತೆ ಓದಿದೆ. ಹತ್ತನೆಯ ಸಲಕ್ಕೆ ಕೆಲವು ಪುಟಗಳು ತಾವಾಗಿಯೇ ಅರ್ಥವಾದವು. ಮೇ ತಿಂಗಳ ಬಿಸಿಲಲ್ಲಿ ಎಲ್ಲ ಪತ್ರಿಕೆಗಳನ್ನೂ ಬರೆದು ಬಂದೆ.

ಫಲಿತಾಂಶದ ದಿನ ಬೋರ್ಡಿನಲ್ಲಿ ನನ್ನ ನಂಬರು ಇರಬೇಕಾದ ಕಾಲಂನಲ್ಲೇ ಇತ್ತು. ಸೆಕೆಂಡ್ ಕ್ಲಾಸು. ಹೆಮ್ಮೆಯಿಂದಲೇ ಹೇಳುತ್ತೇನೆ. ಅದು ಯಾರೂ ಕೊಟ್ಟದ್ದಲ್ಲ.

ಪದವಿ ಪತ್ರ ಕಾಲೇಜಿಗೆ ಬಂದಿದೆ ಎಂದು ವರ್ಷದ ಕೊನೆಗೆ ಕಾಗದ ಬಂತು. ಅಪ್ಪನಿಗೆ ಕೆಲಸವಿತ್ತು, ಅಮ್ಮ ಕಡ್ಡಿ ಬಿಟ್ಟು ಏಳುವಂತಿರಲಿಲ್ಲ. ಅಜ್ಜಿ ಬಂದಳು. ಕಚೇರಿಯ ಕಿಟಕಿಯ ಮುಂದೆ ಸಾಲು ನಿಂತೆವು. ಗುಮಾಸ್ತರು ದಪ್ಪ ರಿಜಿಸ್ಟರ್ ತಿರುಗಿಸಿ ನನ್ನ ಸಹಿ ಹಾಕಿಸಿಕೊಂಡು, ಕಂತೆಯಿಂದ ಒಂದು ದಪ್ಪ ಕಾಗದ ಎಳೆದು, "ಮಡಚ್ಬೇಡಮ್ಮ, ಲ್ಯಾಮಿನೇಷನ್ ಮಾಡಿಸ್ಕೊ" ಎಂದು ಕಿಟಕಿಯಿಂದ ಚಾಚಿದರು.

ನಾನು ಅದನ್ನು ಅಜ್ಜಿಯ ಕೈಗೆ ಕೊಟ್ಟೆ. ಅವಳು ಎರಡೂ ಅಂಗೈಯನ್ನು ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡಳು. ಬೆಳಕಿಗೆ ಹಿಡಿದು ಅಕ್ಷರಗಳನ್ನು ನೋಡಿದಳು. ಓದಲು ಬಾರದವರು ನೋಡುವ ಹಾಗೆ, ಮೇಲಿನಿಂದ ಕೆಳಗೆ, ಒಂದೂ ಬಿಡದೆ.

"ನಿನ್ ಹೆಸ್ರು ಎಲ್ಲೈತೆ?"

ಬೆರಳಿಟ್ಟು ತೋರಿಸಿದೆ.

"ಅದೊಂದೇನಾ? ಬೇರೆ ಯಾರ್ದೂ ಇಲ್ವಾ?"

"ಕೆಳಗೆ ಸಹಿ ಹಾಕಿದಾರೆ ಅಜ್ಜಿ. ಹೆಸರು ನಂದೊಂದೇ."

ಅಜ್ಜಿ ನನ್ನ ಹೆಸರಿನ ಮೇಲೆ ಹೆಬ್ಬೆಟ್ಟಿಟ್ಟು, ಅದು ಅಳಿಸುವುದಿಲ್ಲವೆಂದು ಖಾತ್ರಿ ಮಾಡಿಕೊಂಡವಳಂತೆ ಒಮ್ಮೆ ಒತ್ತಿ ತೆಗೆದಳು.

"ಸದ್ಯ" ಎಂದಳು. "ಕೆಲ್ಸ ಮಾಡ್ದೋಳ್ ಹೆಸ್ರೇ ಬರ್ದವ್ರೆ."